ಕಾರಿನ ಉಷ್ಣಕ್ಕೆ ಕಾರಣ ಹುಡುಕಿದ್ದು

ಕಾಯಿಲೆ ಬಿದ್ದ ಮನುಷ್ಯನಿಗಿಂತ ಕೆಟ್ಟು ನಿಂತ ಕಾರಿಗೆ ವೈದ್ಯರು ಹೆಚ್ಚು ಎಂಬುದನ್ನು ನಾನು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ ಕಂಡುಕೊಂಡೆ. ಮನುಷ್ಯನಾದರೆ ನರಳುತ್ತಾನೆ, ಔಷಧ ಬೇಡ ಎನ್ನುತ್ತಾನೆ, ಹತ್ತಿರ ಬಂದವರ ಮೇಲೆ ರೇಗುತ್ತಾನೆ. ಕಾರು ಮೂತಿಯಿಂದ ಹಬೆ ಬಿಡುತ್ತ ಹುಣಸೆಮರದ ಕೆಳಗೆ ನಿಂತಿತೆಂದರೆ ಯಾರು ತಟ್ಟಿದರೂ ಬಡಿದರೂ ಸಹಿಸುತ್ತದೆ. ಅದರ ಒಡೆಯ ಮಾತ್ರ ಕೋಟು ಹಾಕಿಕೊಂಡು ಪಕ್ಕದಲ್ಲಿ ನಿಂತು, ರೋಗಿಯ ಹತ್ತಿರದ ಸಂಬಂಧಿಯಂತೆ ಎಲ್ಲರ ಪ್ರಶ್ನೆಗೂ ಉತ್ತರ ಹೇಳಬೇಕು.

ಒಡೆಯ ಎಂದದ್ದು ಸ್ವಲ್ಪ ದೊಡ್ಡ ಮಾತಾಯಿತು. ಕಾರು ಪಾವಗಡದಲ್ಲಿ ಕಡಲೆಕಾಯಿ ವ್ಯಾಪಾರ ಮಾಡುವ ನಮ್ಮ ಮಾವನವರದು. ಯಾರೋ ದೊರೆಯಿಂದ ಹಳೆಯದನ್ನು ಕೊಂಡರು. ಎರಡು ಸಲ ಕೂತು ಹೊಟ್ಟೆ ತೊಳಸಿದ ಮೇಲೆ, ಮಧುಗಿರಿಯಲ್ಲಿ ವಕೀಲಿ ಮಾಡುವ ಅಳಿಯನ ಮನೆ ಮುಂದೆ ತಂದು ನಿಲ್ಲಿಸಿದರು. ಡ್ರೈವರನನ್ನು ಮಾತ್ರ ನಾನೇ ಆರಿಸಿದ್ದೆ. ಅವನು ಸಿರಾ ಕಡೆಯ ತಾವರೆಕೆರೆಯ ಹನುಮಂತ. ಹೊಲವನ್ನು ತಮ್ಮಂದಿರಿಗೆ ಬಿಟ್ಟು ಮೋಟಾರು ಕಲಿತವನು, ಅವನ ಊರಿನಲ್ಲೇ ಆ ವಿದ್ಯೆ ಬಲ್ಲ ಏಕೈಕ ಮನುಷ್ಯ. ಎತ್ತಿಗೆ ಹೇಳುವಂತೆ ಕಾರಿಗೂ "ಹೋ... ಹೋ" ಎಂದು ಹೇಳಿ ನಿಲ್ಲಿಸುತ್ತಿದ್ದ. ಅದಕ್ಕೆ ನೀರು ಕುಡಿಸದೆ ತಾನು ನೀರು ಕುಡಿದದ್ದನ್ನು ನಾನು ನೋಡಿಲ್ಲ.

ಹೀಗಿದ್ದೂ ಒಂದು ಬೇಸಿಗೆಯಲ್ಲಿ ಕಾರು ಕುದಿಯತೊಡಗಿತು. ಮಿಡಿಗೇಶಿ ದಾಟುವುದರೊಳಗೆ ಮೂರು ಸಲ ನಿಲ್ಲುತ್ತಿತ್ತು. ನಿಂತಲ್ಲೆಲ್ಲ ಜನ ಕೂಡುತ್ತಿದ್ದರು. ಒಬ್ಬ ಅಜ್ಜ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, ನಾಡಿ ಹಿಡಿದವನ ಗಾಂಭೀರ್ಯದಿಂದ, "ಉಷ್ಣ ಕಣಪ್ಪ, ಒಳಗಿನ್ ಉಷ್ಣ. ನೆತ್ತಿಗೆ ಹರಳೆಣ್ಣೆ ತಟ್ರಿ, ಸರ್ಯೋಯ್ತದೆ" ಎಂದ. ಅವನು ಹಸಿರು ರುಮಾಲು ಸುತ್ತಿದ್ದನೆಂದು ನನ್ನ ನೆನಪು. ಅದು ಬೇರೆ ಅಜ್ಜನ ರುಮಾಲಿರಬಹುದು. ಅವನ ಸೊಸೆ ಒಂದು ತಂಬಿಗೆ ಮಜ್ಜಿಗೆ ತಂದಳು. ನಾನು ಕೈ ಚಾಚಿದರೆ, "ನಿಮ್ಗಲ್ಲ ಸ್ವಾಮಿ, ಅದ್ಕೆ. ಪಾಪ, ಬಾಯಾಗೆ ಹೊಗೆ ಬತ್ತೈತೆ" ಎಂದಳು. ಹನುಮಂತ ಅಡ್ಡ ನಿಂತು ತಾನೇ ಅದನ್ನು ಕುಡಿದು ಕಾರನ್ನು ಕಾಪಾಡಿದ.

ಪಾವಗಡ ಮುಟ್ಟಿದಾಗ ಮಾವನವರು ಮಾತ್ರ ಉಷ್ಣಶಾಸ್ತ್ರಕ್ಕೆ ಹೋಗಲಿಲ್ಲ. ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, "ಏಮಯ್ಯಾ ಅಳಿಯಂದ್ರೇ, ಇದ್ರಾಗೇನೈತೆ ತಿಳಿಯದ್ದು? ನಿಮ್ ಡ್ರೈವರು ನೀರು ಹಾಕ್ತಿಲ್ಲ, ಅಷ್ಟೇ! ಬರೋ ಶನಿವಾರ ನಮ್ ಕಡೆಯೋನ್ನ ಕರ್ಕೊಂಡು ಬರ್ತೀನಿ. ಇವನ್ನ ಹಳ್ಳಿಗೆ ಕಳಿಸ್ಬಿಡಿ" ಎಂದರು. ಹನುಮಂತ ಜಗಲಿಯ ಕೆಳಗೇ ನಿಂತಿದ್ದ. "ನೀರು ಹಾಕ್ದೆ ಇದ್ರೆ ನನ್ ಬಾಯಿಗೆ ಮಣ್ ಬೀಳ್ಲಿ ಬುದ್ದಿ" ಎಂದನೇ ಹೊರತು ಇನ್ನೇನೂ ಹೇಳಲಿಲ್ಲ. ಖಾಕಿ ಕೋಟು ತೊಟ್ಟು ಊರು ಬಿಟ್ಟವನು ಬರಿ ಮೈಯಲ್ಲಿ ತಾವರೆಕೆರೆಗೆ ಹಿಂತಿರುಗುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಆದರೂ ಮಾವನವರ ಎದುರಿಗೆ ನಾನು ಆಡಿದ್ದು "ನೋಡೋಣ" ಎಂಬ ಒಂದೇ ಮಾತು. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವವನು ಮಾವನ ಮನೆಯವರ ಮುಂದೆ ಎಷ್ಟು ಮಿತಭಾಷಿಯಾಗುತ್ತಾನೆ!

ಬುಧವಾರ ಕಾರನ್ನು ಸಿರಾಕ್ಕೆ ತೆಗೆದುಕೊಂಡು ಹೋದೆವು. ಅಲ್ಲಿ ಕರೀಂ ಸಾಬರೆಂಬ ಮೇಸ್ತ್ರಿ ಇದ್ದರು, ಬಾಯಿ ತುಂಬ ಎಲೆ ಅಡಿಕೆ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ಹಬೆ ಬರುವ ಮೂತಿಗೆ ರೇಡಿಯೇಟರ್ ಎಂದು ಹೆಸರು, ಇಂಜಿನ್ನಿನ ಬಿಸಿನೀರು ಅದರ ಸಣ್ಣ ಕೊಳವೆಗಳಲ್ಲಿ ಇಳಿದು ತಣ್ಣಗಾಗುತ್ತದೆ, ಎಂದು ಮೈಸೂರಿನಲ್ಲಿ ಬಿ.ಎ. ಓದಿದ ನನಗೆ ವಿವರಿಸಿದರು. ಆಮೇಲೆ ಕೆಳಗಿನ ರಬ್ಬರು ಕೊಳವೆ ಬಿಚ್ಚಿದರು. ನೀರು ಬರಲಿಲ್ಲ. ತಂತಿ ಹಾಕಿ ಎಳೆದರು. ಗೋಲಿ ಗಾತ್ರದ ಕಂದು ಉಂಡೆಯೊಂದು ಜಾರಿ ಬಿತ್ತು, ಅದರ ಹಿಂದೆ ಇನ್ನೊಂದು. ಸಾಬರು ಒಂದನ್ನು ಬೆರಳಲ್ಲಿ ಹಿಸುಕಿ, ಮೂಸಿ, "ಯಾ ಅಲ್ಲಾ! ಸಾಬ್, ಇದು ಮುದ್ದೆ! ಚೆನ್ನಾಗಿ ಬೆಂದೈತೆ. ಒಳಗೆ ಯಾರು ಅಡಿಗೆ ಮಾಡೋರು?" ಎಂದರು.

ನಾನು ಹನುಮಂತನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಿದ. ಅವನ ಬುತ್ತಿಯ ಗಂಟಿನಲ್ಲಿ ದಿನವೂ ಮುದ್ದೆ ಇರುತ್ತಿತ್ತು. ನನ್ನ ಮನಸ್ಸು ಆಗಲೇ ತೀರ್ಪು ಬರೆದುಬಿಟ್ಟಿತು. "ಏನಯ್ಯಾ ಇದು?" ಎಂದೆ. "ರಾಗಿ, ಬುದ್ದಿ" ಎಂದ. ಅಷ್ಟೇ. ಆ ಒಂದು ಮಾತನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಸಾಬರು ಕೊಳವೆಗಳನ್ನು ತೊಳೆದು, ತೂತಿಗೆ ಬೆಸುಗೆ ಹಾಕಿ ಕೊಟ್ಟರು. ಕಾರು ತಣ್ಣಗೆ ಓಡಿತು.

ಗುರುವಾರ ಬೆಳಿಗ್ಗೆ, ಈ ಕುದಿತ ಯಾವಾಗ ಶುರುವಾಯಿತೆಂದು ಮಾವನವರಿಗೆ ಖಚಿತವಾಗಿ ಬರೆಯೋಣವೆಂದು ನನ್ನ ದಿನಚರಿ ತೆಗೆದೆ. ದಿನಚರಿ ಬರೆಯುವ ಅಭ್ಯಾಸ ಕಾಲೇಜಿನಿಂದ ಬಂದದ್ದು. ನಮ್ಮ ಜ್ಞಾಪಕಶಕ್ತಿ ನುರಿತ ವಕೀಲನಂತೆ ಕಕ್ಷಿದಾರನಿಗೆ ಆಗದ ಕಾಗದವನ್ನು ಕಡತದ ಅಡಿಗೆ ಸೇರಿಸುತ್ತದೆ. ಅದಕ್ಕೆ ನಾನು ಬರೆಯುತ್ತೇನೆ. ಆದರೆ ಬರೆದದ್ದನ್ನು ಓದುವುದಿಲ್ಲ. ಆ ದಿನ ಓದಿದೆ. ಯುಗಾದಿಯ ಮರುವಾರದ ಪುಟದಲ್ಲಿ ನನ್ನದೇ ದುಂಡಗಿನ ಅಕ್ಷರ: "ಅಮ್ಮನ ಊರಿಂದ ಬರುವಾಗ ಕೊರಟಗೆರೆಯಲ್ಲಿ ಕಾರಿನ ಮೂತಿ ಸೋರಿತು. ಹನುಮಂತ ಊಟಕ್ಕೆ ಹೋಗಿದ್ದ. ಬಿರುಕು ಬಿಟ್ಟ ಮಡಕೆಗೆ ಅಮ್ಮ ರಾಗಿ ಹಿಟ್ಟು ಮೆತ್ತುವುದು ನೆನಪಾಗಿ, ಅವಳು ಕೊಟ್ಟ ಡಬ್ಬದಿಂದ ನಾಲ್ಕು ಹಿಡಿ ಹಿಟ್ಟು ಒಳಗೆ ಸುರಿದೆ. ಸೋರುವುದು ನಿಂತಿತು. ವಿದ್ಯೆಯ ಪ್ರಯೋಜನ ಇಂಥ ಕಡೆ ಕಾಣುತ್ತದೆ."

ಇದನ್ನು ಬರೆದವನ ನೆನಪು ನನಗೆ ಲವಲೇಶವೂ ಇರಲಿಲ್ಲ. ಪುಟವನ್ನು ಹೆಂಡತಿ ಗಿರಿಜೆಗೆ ತೋರಿಸಿದೆ. ಅವಳು ಓದಿ, ಸೆರಗು ಬಾಯಿಗೆ ಒತ್ತಿ ಬಹಳ ಹೊತ್ತು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅವನಿಗೆ ಯಾವಾಗ ಹೇಳ್ತೀರಿ?" ಎಂದಳು. "ಈಗಲೇ" ಎಂದೆ. ಗುರುವಾರ ಹೇಳಲಿಲ್ಲ, ಕೋರ್ಟಿತ್ತು. ಶುಕ್ರವಾರವೂ ಹೇಳಲಿಲ್ಲ, ಯಾಕೆಂದು ಈಗಲೂ ತಿಳಿಯದು. ಹನುಮಂತ ಆ ಎರಡು ದಿನವೂ ಕಾರು ಒರೆಸುತ್ತಿದ್ದ, ಬೇರೆಯವರಿಗೆ ಒಪ್ಪಿಸುವ ಮನೆಯನ್ನು ಗುಡಿಸುವ ಹಾಗೆ.

ಶನಿವಾರ ಮಾವನವರು ಹೊಸ ಡ್ರೈವರನ ಜೊತೆ ಬಸ್ಸಿಳಿದರು. ಹನುಮಂತ, ಕಾರಿನ ಮೂತಿಗೆ ಹಾಕಿ ತಿರುವಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲನ್ನು ತಂದು ಜಗಲಿಯ ಮೇಲಿಟ್ಟ. ಅದು ಬೆಳ್ಳಿಯಂತೆ ಹೊಳೆಯುತ್ತಿತ್ತು. "ನಾ ಬತ್ತೀನಿ ಬುದ್ದಿ" ಎಂದ. ಬಾಗಿಲಲ್ಲಿ ನಿಂತ ಗಿರಿಜೆ ನನ್ನನ್ನೇ ನೋಡುತ್ತಿದ್ದಳು. ನಾನು, "ಮಾವನವರೇ, ಕಾರಿನ ಮೂತಿಗೆ ರಾಗಿ ಹಿಟ್ಟು ಸುರಿದು ಕುದಿಸಿದ್ದು ನಾನು" ಎಂದೆ. ಅಷ್ಟು ಚಿಕ್ಕ ವಾದವನ್ನು ನಾನು ಎಂದೂ ಮಂಡಿಸಿಲ್ಲ.

ಮಾವನವರು ಕಂಬ ಹಿಡಿದುಕೊಂಡು ನಕ್ಕರು. "ಓರಿ ದೇವುಡಾ! ಬಿ.ಎ. ಓದಿ ಇಂಜಿನ್ನಾಗೆ ರಾಗಿ ಸಂಗಟಿ ಮಾಡಿದ್ರೇನಯ್ಯಾ!" ಹೊಸ ಡ್ರೈವರ್ ಕಾಫಿ ಕುಡಿದು ಮುಂದಿನ ಬಸ್ಸಿಗೆ ಹೊರಟ. ನಾನು ಹನುಮಂತನನ್ನು ಕೇಳಿದೆ, "ನಿನಗೆ ಮೊದಲೇ ಗೊತ್ತಿತ್ತೇನಯ್ಯಾ?"

"ಗೊತ್ತಿರ್ದೆ ಏನ್ ಬುದ್ದಿ! ಉಂಡು ಬಂದಾಗ ಮೂತಿ ಸುತ್ತ ಹಿಟ್ಟು, ನಿಮ್ ಕೋಟಿನ್ ತೋಳ್ಗೂ ಹಿಟ್ಟು. ಲಾಯ್ರು ಮಾಡವ್ರೆ, ಏನೋ ಕಾನೂನು ಇರ್ತದೆ ಅಂದ್ಕಂಡೆ."

"ಹಾಗಾದರೆ ಸಿರಾದಲ್ಲಾದರೂ ಬಾಯಿಬಿಟ್ಟು ಹೇಳಬಾರದಿತ್ತೆ?"

"ನೀವೇ ಹೇಳ್ತೀರ ಅಂತ ಕಾಯ್ತಿದ್ದೆ" ಎಂದು ಹ್ಯಾಂಡಲನ್ನು ಕೈಗೆತ್ತಿಕೊಂಡ.

ಮುಂದಿನ ತಿಂಗಳು ಅಮ್ಮನನ್ನು ನೋಡಿಕೊಂಡು ಬರುವಾಗ ಕೊರಟಗೆರೆಯಲ್ಲಿ ನಿಂತೆವು. ಹನುಮಂತ ಬುತ್ತಿ ಬಿಚ್ಚಲು ಹುಣಸೆಮರದ ಕಡೆಗೆ ನಾಲ್ಕು ಹೆಜ್ಜೆ ನಡೆದವನು ಹಿಂತಿರುಗಿ ಬಂದು, ಕಾರಿನ ಬಾಗಿಲು ತೆರೆದು ಹಿಡಿದ.

"ಇಳೀರಿ ಬುದ್ದಿ. ನಾ ಉಣ್ಣಗಂಟ ಅಲ್ಲೇ ನನ್ ಕಣ್ಮುಂದೆ ಕೂತ್ಕಳಿ."

"ಯಾಕಯ್ಯಾ?"

"ಏನಿಲ್ಲ. ನೀವು ಓದ್ದೋರು. ಒಬ್ರನ್ನೇ ಬುಟ್ರೆ ಏನಾರ ಹೊಳ್ದ್ಬುಡ್ತದೆ."

ನಾನು ಇಳಿದು ಹೋಗಿ ಕೂತುಕೊಂಡೆ.