ಹಸೈನಾರ್ ಮಾಸ್ಟ್ರ ದವಡೆ ಮುಂದೆ ಬಂದದ್ದು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಮೆಲ್ಕಾರಿನ ಹಸೈನಾರ್ ಮಾಸ್ಟ್ರು ಕನ್ನಡಿಯ ಮುಂದೆ ನಿಂತು ತಮ್ಮ ಗೊರಕೆಯ ಮೇಲೆ ಯುದ್ಧ ಸಾರುತ್ತಿದ್ದರು.

"ಇವತ್ತಿಗೆ ಇದರ ಆಟ ಮುಗೀತು ಜುಲೈಕಾ. ವಿಜ್ಞಾನ ಕಲಿಸಿದವನ ಮನೆಯಲ್ಲಿ ವಿಜ್ಞಾನ ಸೋಲುವುದುಂಟಾ?" ಎಂದು ಹೆಂಡತಿಗೆ ಹೇಳಿ, ಅಂಗೈಯಲ್ಲಿದ್ದ ಆಯುಧವನ್ನು ಬಾಯಿಗಿಟ್ಟು ಗಟ್ಟಿಯಾಗಿ ಕಚ್ಚಿದರು.

ಯುದ್ಧಕ್ಕೆ ಕಾರಣ ಅಳಿಯ. ಮದುವೆಯ ಹೊಸತರಲ್ಲಿ ಅಳಿಯ ಹೆಂಡತಿಯ ತವರಲ್ಲೇ ರಾತ್ರಿ ತಂಗುವುದು ಅವರ ಕಡೆಯ ವಾಡಿಕೆ. ಅದಕ್ಕೆಂದೇ ಮಾಸ್ಟ್ರು ತಮ್ಮ ಪಕ್ಕದ ಕೋಣೆಗೆ ಹೊಸ ಬಣ್ಣ ಬಳಿಸಿ, ಅರಮನೆಗೂ ದೊಡ್ಡದೆನ್ನಿಸುವ ಮಂಚ ತರಿಸಿದ್ದರು. ಅಳಿಯ ಝಿಯಾದ್ ಮೂಡುಬಿದಿರೆಯವನು, ಹೈಸ್ಕೂಲಿನಲ್ಲಿ ಅವರದೇ ವಿದ್ಯಾರ್ಥಿ, ಈಗ ದುಬೈಯಲ್ಲಿ ಕೆಲಸ. ರಜೆಯಲ್ಲಿ ಬಂದು ಮಗಳು ಫಾಯಿಝಾಳ ಕೈಹಿಡಿದವನು, ಮೊದಲ ರಾತ್ರಿ ಕುರ್ಚಿಯಲ್ಲೇ ಕುಳಿತು ಮೊಬೈಲ್ ನೋಡುತ್ತಾ ಬೆಳಗು ಮಾಡಿದ. ಆಮೇಲೆ ದಿನವೂ ಬರುತ್ತಿದ್ದ, ಊಟ ಮಾಡುತ್ತಿದ್ದ, ಒಂದು ನೆಪ ಹೇಳಿ ಮೂಡುಬಿದಿರೆಗೆ ಹೊರಟುಬಿಡುತ್ತಿದ್ದ. ಒಮ್ಮೆ ತಲೆನೋವು, ಒಮ್ಮೆ ತಾಯಿಗೆ ಮಾತ್ರೆ ಕೊಡಬೇಕು. ಪಕ್ಕದ ಮನೆಯ ಜುವೈರಿಯಾ ಆವರಣದ ಆಚೆಯಿಂದ "ಅಳಿಯ ಹೋದ್ನಾ?" ಎಂದು ಕೇಳುವುದು ರೂಢಿಯಾಯಿತು. ಫಾಯಿಝಾ ಆವರಣದ ಕಡೆ ಹೋಗುವುದನ್ನೇ ಬಿಟ್ಟಳು.

ಮಾಸ್ಟ್ರು ಲಭ್ಯವಿರುವ ಪುರಾವೆಗಳನ್ನೆಲ್ಲ ತೂಗಿ ನೋಡಿದರು. ತಮ್ಮ ಮಂಚಕ್ಕೂ ಅಳಿಯನ ಮಂಚಕ್ಕೂ ನಡುವೆ ಇರುವುದು ಒಂದೇ ಗೋಡೆ. ತಮ್ಮ ಗೊರಕೆಗೆ ಅಂಗಳದ ಬೆಕ್ಕು ವಲಸೆ ಹೋದದ್ದು ಊರಿಗೇ ಗೊತ್ತು. ಅಪರಾಧಿ ತಾನೇ!

ಹೀಗೆ ಅವರು ವೈದ್ಯರ ಬಳಿ ಹೋದದ್ದು, ನಿದ್ರೆಯ ಪರೀಕ್ಷೆ ಮಾಡಿಸಿದ್ದು, ಅಲ್ಲಿಂದ ದಂತವೈದ್ಯೆಯ ಕುರ್ಚಿಗೆ ಬಂದದ್ದು. ಆ ಹುಡುಗಿ ಎಕ್ಸ್‌ರೇ ತೋರಿಸಿ ವಿವರಿಸಿದಾಗ, ನಿವೃತ್ತಿಯವರೆಗೆ ಶ್ವಾಸೋಚ್ಛ್ವಾಸದ ಪಾಠ ಮಾಡಿದ ಮಾಸ್ಟ್ರು ಮೊದಲ ಬೆಂಚಿನ ಮಗುವಿನಂತೆ ಬಾಯಿ ತೆರೆದು ಕೇಳಿದರು. ಕೆಳದವಡೆ ಹಿಂದೆ ಸರಿದಿದೆ, ಮೇಲಿನ ಹಲ್ಲು ಮುಂದಿವೆ, ನಾಲಿಗೆಗೆ ಜಾಗ ಸಾಲದು. ನಿದ್ದೆಯಲ್ಲಿ ಸ್ನಾಯು ಸಡಿಲವಾದೊಡನೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಗೊರಕೆ ಬರೀ ಸದ್ದು. ನಿಜವಾದ ಅಪಾಯ ನಡುವೆ ಉಸಿರು ನಿಂತಾಗ ಬರುವ ಮೌನ. ಇಡೀ ದೇಹ ನಂಬಿಕೊಂಡಿರುವ ಆ ದಾರಿ ಎಕ್ಸ್‌ರೇಯಲ್ಲಿ ಎಳನೀರು ಕುಡಿಯುವ ನಳಿಗೆಗಿಂತ ದಪ್ಪವಿರಲಿಲ್ಲ. ಹಲ್ಲು ಹಲ್ಲಿಗೆ ಕೂಡುವ ರೀತಿಯೊಂದು ಮನುಷ್ಯನ ಉಸಿರಿಗೆ ಕಾವಲು ಕೂತಿದೆಯಲ್ಲ ಎಂದು ಅವರು ದಾರಿಯುದ್ದಕ್ಕೂ ಗಲ್ಲ ಹಿಡಿದುಕೊಂಡೇ ಬಂದರು.

ಆಯುಧವೆಂದರೆ ಆಕೆ ಕೊಟ್ಟ ಎರಡು ಅಚ್ಚುಗಳು. ಹಲ್ಲಿಗೆ ತೊಟ್ಟರೆ ಕೆಳದವಡೆಯನ್ನು ಮುಂದೆ ಎಳೆದು ಹಿಡಿಯುತ್ತವೆ. ರಾತ್ರಿ ಮಾತ್ರ ಹಾಕಿ ಎಂದು ಆಕೆ ಹೇಳಿದ್ದಳು. ಪ್ರಯೋಗವಿಲ್ಲದೆ ಯಾವುದನ್ನೂ ಒಪ್ಪದ ಮಾಸ್ಟ್ರು ಮಧ್ಯಾಹ್ನವೇ ಹಾಕಿ ಮಲಗಿದರು.

ಕಣ್ಣು ಅಂಟುವಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತಿತು. ಓಡಿಸುತ್ತಿದ್ದವ ಝಿಯಾದ್, ಪಕ್ಕದಲ್ಲಿ ಡ್ರೈವರ್, ಹಿಂದೆ ಝಿಯಾದನ ತಾಯಿ ಮಾಜಿದಾ! ಮಾಸ್ಟ್ರು ಅಚ್ಚು ತೆಗೆಯಲು ಬೆರಳು ಹಾಕಿದರು. ಜೊಲ್ಲಿಗೆ ಬೆರಳು ಜಾರಿತು, ಅಚ್ಚು ಜಗ್ಗಲಿಲ್ಲ. ಬಾಯಿ ಬಿಗಿದುಕೊಂಡೇ ಬಾಗಿಲಿಗೆ ಬಂದರು.

ಮಾಜಿದಾ ನಗುತ್ತಾ ಸಲಾಂ ಹೇಳಿದರು. ಮಾಸ್ಟ್ರು "ಮ್ಮ್" ಎಂದರು.

ಸಲಾಮಿಗೆ ಉತ್ತರವಿಲ್ಲ! ಮಾಜಿದಾರ ನಗು ಅಲ್ಲೇ ನಿಂತಿತು. ಝಿಯಾದ್ ತಲೆಯೆತ್ತಿ ನೋಡಿದ. ಗಲ್ಲ ಮುಂದೆ, ತುಟಿ ಬಿಗಿ, ಕಣ್ಣು ಕೆಂಪು. ಉತ್ತರಪತ್ರಿಕೆ ಹಂಚುವ ದಿನವೂ ಸರ್ ಮುಖ ಇಷ್ಟು ಭಯಂಕರವಾಗಿರಲಿಲ್ಲ. ಮಾವ ಎನ್ನುವುದು ಮರೆತೇಹೋಯಿತು.

"ಸರ್, ನಾನೇ ಹೇಳ್ತೇನೆ," ಎಂದ. "ಫಾಯಿಝಾಳದ್ದು ಏನೂ ತಪ್ಪಿಲ್ಲ. ನಂಗೆ ಗೊರಕೆ. ಬರೀ ಗೊರಕೆ ಅಲ್ಲ, ನಡುವೆ ಉಸಿರೇ ನಿಲ್ತದಂತೆ. ದುಬೈಯಲ್ಲಿ ರೂಮಿನವರು ಎಬ್ಬಿಸಿ ಎಬ್ಬಿಸಿ ಸಾಕಾಗಿ ನನ್ನ ಹಾಸಿಗೆಯನ್ನು ಅಡುಗೆಕೋಣೆಗೆ ಹಾಕಿದ್ರು. ಇಲ್ಲಿ ಇವಳು ಹೆದರಿದ್ರೆ? ಅದಕ್ಕೆ ಓಡಿಹೋಗ್ತಿದ್ದೆ."

ಮಾಸ್ಟ್ರಿಗೆ ಹೇಳಬೇಕಾದ್ದು ಬೇಕಾದಷ್ಟಿತ್ತು, ಹೊರಬಂದದ್ದು ಇನ್ನೊಂದು "ಮ್ಮ್" ಮಾತ್ರ. ಹುಡುಗ ಇನ್ನಷ್ಟು ಬೆವರಿದ. ಕೊನೆಗೆ ಜುಲೈಕಾ ಶರಬತ್ತಿನ ತಟ್ಟೆಯನ್ನು ಕೆಳಗಿಟ್ಟು, ಗಂಡನ ಬಾಯಿಗೆ ಎರಡೂ ಕೈ ಹಾಕಿ, ಹಲಸಿನ ತೊಳೆ ಬಿಡಿಸುವ ಹಾಗೆ ಎಳೆದರು. ಅಚ್ಚು ಹಾರಿ ಮಾಜಿದಾರಿಗೆಂದು ತಂದ ಗ್ಲಾಸಿಗೇ ಬಿತ್ತು. ಮಾಸ್ಟ್ರ ದವಡೆಯೇ ಕಳಚಿತೆಂದು ತಿಳಿದ ಆಕೆ ಸೋಫಾದಲ್ಲಿ ಕುಸಿದರು.

"ವ ಅಲೈಕುಮುಸ್ಸಲಾಂ," ಎಂದರು ಮಾಸ್ಟ್ರು.

ಆಮೇಲೆ ಅಳಿಯನ ಗಲ್ಲ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಹಲ್ಲು ಕಚ್ಚಲು ಹೇಳಿದರು. ಮೇಲಿನ ಸಾಲು ಮುಂದೆ, ಕೆಳಗಿನದು ನಾಚಿದಂತೆ ಹಿಂದೆ. ಮೂರು ವರ್ಷ ಈ ಹುಡುಗನ ಉತ್ತರಪತ್ರಿಕೆ ತಿದ್ದಿದ್ದರು, ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಕನ್ನಡಿಯಲ್ಲಿ ಕಂಡ ತಮ್ಮದೇ ಮುಖ! ಅವರ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ನಾಳೆಯೇ ಪರೀಕ್ಷೆ ಮಾಡಿಸುವ," ಎಂದರು ಮೆಲ್ಲಗೆ. "ಕ್ಲಿಪ್ಪೋ, ಅಚ್ಚೋ, ಮತ್ತೊಂದೋ, ಅವರು ಹೇಳ್ಲಿ. ಓಡಿಹೋಗಿ ಒಬ್ಬನೇ ಮಲಗಿದ್ರೆ ಉಸಿರು ನಿಂತಾಗ ಎಬ್ಬಿಸ್ಲಿಕ್ಕೆ ಯಾರುಂಟು?"

"ನಾನುಂಟು," ಎಂದಳು ಬಾಗಿಲ ಹಿಂದಿದ್ದ ಫಾಯಿಝಾ. ಅಂದು ಝಿಯಾದ್ ತಾಯಿಯನ್ನು ಮನೆಗೆ ಬಿಡಲು ಕಾರಿನ ಕೀಲಿಯನ್ನು ಡ್ರೈವರಿಗೆ ಕೊಟ್ಟು, ತಾನು ಅಲ್ಲೇ ಉಳಿದ.

ಲೋಟ ಎತ್ತಿಕೊಂಡು ಹೋದ ತನ್ನ ತಾಯಿಯ ಹಿಂದೆ ಫಾಯಿಝಾ ಅಡುಗೆಮನೆಗೆ ಬಂದು, ಅಪ್ಪನ ಗೊರಕೆಯನ್ನು ಇಷ್ಟು ವರ್ಷ ಹೇಗೆ ಸಹಿಸಿದಿರಿ ಎಂದು ಕೇಳಿದಳು. ಜುಲೈಕಾ ಜಗಲಿಯಲ್ಲಿದ್ದ ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು:

"ಇವರು ಹೊಸ ಅಳಿಯನಾಗಿ ನಮ್ಮ ಮನೆಗೆ ಬಂದಾಗ ನಾನೂ ಹೆದರಿ ಎಬ್ಬಿಸಿದ್ದೆ ಮಗಾ. ಇದೇನು, ಎಷ್ಟು ದಿನ ಇರ್ತದೆ ಅಂತ ಕೇಳಿದೆ. ಬರೀ ಶೀತ ಅಂದ್ರು. ವಿಜ್ಞಾನದ ಮಾಸ್ಟ್ರು ಅಲ್ವಾ, ನಂಬಿದೆ. ಲೆಕ್ಕವನ್ನೂ ಹೇಳಿದ್ರು: ಹೆಚ್ಚೆಂದರೆ ನಾಲ್ಕು ದಿನ."