ಆಷಾಢ ಶುಕ್ರವಾರದ ಒದ್ದೆ ಪುಡಿ

ನನಗೊಂದು ಹಳೆಯ ಕಾಯಿಲೆ ಇದೆ. ಕಿಟಕಿ ಕಂಡರೆ ನಿಂತುಬಿಡುತ್ತೇನೆ. ಹೊರಗೆ ನೋಡುವಂಥದ್ದು ಇರಲೇಬೇಕೆಂದೇನೂ ಇಲ್ಲ. ಒಂದು ನೀರಿನ ಟ್ಯಾಂಕು, ಅದರ ಮೇಲೊಂದು ಕಾಗೆ ಇದ್ದರೂ ಧಾರಾಳವಾಯಿತು. ಇದಕ್ಕೆ ಮದ್ದಿಲ್ಲವೆಂದು ಮದುವೆಯಾದ ಮೊದಲ ತಿಂಗಳಲ್ಲೇ ನನ್ನ ಹೆಂಡತಿ ಗಿರಿಜೆ ಕಂಡುಕೊಂಡಳು. "ಹಾಲಿಟ್ಟಿದೀನಿ, ನೋಡ್ಕೊಳ್ಳಿ" ಎಂದು ಹೇಳಿ ಹೂವಿನವಳ ಹತ್ತಿರ ಹೋದಳು. ನಾನು ನೋಡುತ್ತಲೇ ಇದ್ದೆ, ಚಾಮರಾಜಪುರಂ ಸ್ಟೇಷನ್ನಿಗೆ ನಿಧಾನವಾಗಿ ಬರುತ್ತಿದ್ದ ರೈಲನ್ನು. ಹಾಲು ಉಕ್ಕಿತು, ಒಲೆ ಆರಿತು, ಗಿರಿಜೆ ವಾಪಸು ಬಂದಳು. "ಅಯ್ಯೋ ನಿಮ್ಮ! ಪಕ್ಕದಲ್ಲೇ ನಿಂತಿದ್ರಲ್ರೀ!" ಎಂದಳು. "ನಿಂತಿದ್ದೆ ಕಣೇ" ಎಂದೆ. ಅದರಲ್ಲಿ ಸುಳ್ಳೇನಿಲ್ಲ.

ಇಂಥವನಿಗೆ ತೊಂಬತ್ತರ ದಶಕದಲ್ಲಿ ಮೈಸೂರಿನ ಒಂದು ಔಷಧಿ ಕಾರ್ಖಾನೆಯವರು ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟರು. ಕೊಟ್ಟಿದ್ದು ಕೊಟ್ಟರು, ಕೆಲವು ವರ್ಷಗಳ ಮೇಲೆ ನನ್ನ ಮೇಜನ್ನು ಎರಡನೇ ಮಹಡಿಯ ಕಿಟಕಿಯ ಪಕ್ಕಕ್ಕೆ ಯಾಕೆ ಸರಿಸಿದರೋ ಕಾಣೆ. ಕಿಟಕಿಯ ಆಚೆ ಊರಿನ ತಾರಸಿಗಳು, ತೆಂಗಿನ ಮರಗಳು, ಅವುಗಳ ಹಿಂದೆ ನೀಲಿಯಾಗಿ ಇಡೀ ಚಾಮುಂಡಿ ಬೆಟ್ಟ. ಕಿಟಕಿಯ ಈಚೆ ನನ್ನ ಯಂತ್ರ.

ಒಣ ಪುಡಿಯೊಳಗೆ ಎಷ್ಟು ನೀರು ಅವಿತಿದೆ ಎಂದು ಹೇಳುವ ಯಂತ್ರ ಅದು. ಅದಕ್ಕೆ ಯಾರೋ ಜರ್ಮನ್ ವಿಜ್ಞಾನಿಯ ಹೆಸರಿತ್ತು. ನಾವು ಸುಲಭವಾಗಲಿ ಎಂದು 'ಜರ್ಮನ್ ಮಾವ' ಅನ್ನುತ್ತಿದ್ದೆವು. ಮಾವನ ಹಾಗೇ ಅದನ್ನು ಒಲಿಸಿಕೊಳ್ಳುವುದು ಕಷ್ಟ, ಹತ್ತಿರ ಹೋದರೆ ಮೂಗಿಗೆ ಘಾಟು ಬೇರೆ. ಒಂದು ಗಾಜಿನ ಬಟ್ಟಲು, ಅದಕ್ಕೆ ಬಿಗಿಯಾದ ರಬ್ಬರ್ ಬಿರಡೆ, ಮೇಲಿನಿಂದ ತೊಟ್ಟಿಕ್ಕುವ ಕಂದು ದ್ರಾವಣ. ಬಟ್ಟಲಲ್ಲಿದ್ದ ನೀರನ್ನೆಲ್ಲ ಆ ದ್ರಾವಣ ಮೊದಲು ಮುಗಿಸುತ್ತದೆ. ಆಗ ಯಂತ್ರ 'ಕುಯ್' ಅನ್ನುತ್ತದೆ. ಬಿರಡೆ ತೆಗೆದು, ತೂಗಿಟ್ಟ ಪುಡಿ ಸುರಿದು, ಮತ್ತೆ ಮುಚ್ಚಬೇಕು. ಆಮೇಲೆ ಎಷ್ಟು ದ್ರಾವಣ ಖರ್ಚಾಯಿತೋ ಅದರ ಮೇಲೆ ಪುಡಿಯಲ್ಲಿದ್ದ ನೀರಿನ ಲೆಕ್ಕ. ನೂರು ಪಾಲು ಪುಡಿಯಲ್ಲಿ ನೀರು ಅರ್ಧ ಪಾಲು ಮೀರಿದರೆ ಪುಡಿ ವಾಪಸು. ಗಾಳಿಯ ತೇವವನ್ನೂ ಅದು ಬಿಡುವುದಿಲ್ಲ, ಪುಡಿಯ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಆದ್ದರಿಂದ ಬಿರಡೆ ತೆಗೆಯುವುದು, ಮುಚ್ಚುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಇದನ್ನು ಒತ್ತಿ ಒತ್ತಿ ಹೇಳಿಕೊಡುತ್ತಿದ್ದವನು ನಾನೇ.

ಪುಡಿ ಒಣಗಿಸುತ್ತಿದ್ದವರು ಪುಟ್ಟಸ್ವಾಮಿ. ನನಗಿಂತ ಹತ್ತು ವರ್ಷ ದೊಡ್ಡವರು. ಕೆಳಗಿನ ಡ್ರೈಯರಿನಲ್ಲಿ ತಟ್ಟೆ ತಟ್ಟೆಯಾಗಿ ಪುಡಿ ಹರವಿ, ಒಣಗಿದ ಮೇಲೆ ಹೊರಗೆ ತೆಗೆದು, ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಿದ್ದರು. "ಒಣಗೈತೆ ಸಾ" ಎಂದರೆ ಒಣಗಿದೆ ಅಂತಲೇ ಅರ್ಥ. ಅವರು ಒಣಗಿಸಿದ ಪುಡಿ ಅದುವರೆಗೆ ವಾಪಸು ಬಂದದ್ದೇ ಇಲ್ಲ. ದಸರಾ ಕಳೆದ ಮೇಲೆ ಅವರನ್ನು ಮೇಸ್ತ್ರಿ ಮಾಡುತ್ತಾರೆಂಬ ಮಾತೂ ನಡೆದಿತ್ತು.

ಅಂಥ ಪುಟ್ಟಸ್ವಾಮಿಯವರ ಪುಡಿ, ನನ್ನ ಮೇಜು ಕಿಟಕಿಗೆ ಬಂದ ವರ್ಷ, ಆಷಾಢದ ಮೊದಲ ಶುಕ್ರವಾರ ಫೇಲಾಯಿತು. ಮತ್ತೊಮ್ಮೆ ಒಣಗಿಸಿದರು, ಶನಿವಾರ ಪಾಸಾಯಿತು. ಸೋಮವಾರ, ಬುಧವಾರದ ಪುಡಿಗಳೂ ಸಲೀಸಾಗಿ ಪಾಸು. ಎರಡನೇ ಶುಕ್ರವಾರ ಮತ್ತೆ ಫೇಲು. ನಮ್ಮ ಮ್ಯಾನೇಜರ್ ಸದಾಶಿವಯ್ಯನವರು ರಿಜಿಸ್ಟರ್ ತಿರುವಿ ಹಾಕಿ, ಕನ್ನಡಕ ಹಣೆಗೇರಿಸಿ, ಪತ್ತೇದಾರಿಕೆ ಮಾಡಿದರು. "ಬರೀ ಶುಕ್ರವಾರಾನೇ ಯಾಕ್ರೀ?" ಕಾರಣ ಕಾರ್ಖಾನೆಗೆಲ್ಲ ಗೊತ್ತಿದ್ದದ್ದೇ. ಆಷಾಢ ಶುಕ್ರವಾರ ಪುಟ್ಟಸ್ವಾಮಿ ಬೆಳಗಿನ ಜಾವ ಬರಿಗಾಲಲ್ಲಿ ಮೆಟ್ಟಿಲು ಹತ್ತಿ, ತಾಯಿಯ ದರ್ಶನ ಮಾಡಿ, ಹಣೆ ತುಂಬ ಕುಂಕುಮ ಇಟ್ಟುಕೊಂಡೇ ಎಂಟು ಗಂಟೆಗೆ ಕೆಲಸಕ್ಕೆ ಬರುತ್ತಿದ್ದರು. "ಬೆಟ್ಟ ಹತ್ತಿದ ಸುಸ್ತು, ಡ್ರೈಯರ್ ಮುಂದೆ ಬೆಚ್ಚಗಿರುತ್ತೆ, ನಿದ್ದೆ ಹೊಡೀತಾರೆ" ಎಂದು ಮ್ಯಾನೇಜರು ತೀರ್ಮಾನಿಸಿದರು.

"ಆ ತಾಯಾಣೆಗೂ ಕಣ್ ಮುಚ್ಚಿಲ್ಲ ಸಾ" ಎಂದರು ಪುಟ್ಟಸ್ವಾಮಿ.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಯಂತ್ರ ಸರಿ ಇದೆಯೇನ್ರೀ?" ನಾನು ಸಿರಿಂಜಿನಿಂದ ರಬ್ಬರನ್ನು ಚುಚ್ಚಿ ಒಂದೇ ಒಂದು ಹನಿ ನೀರು ಬಿಟ್ಟು ಪರೀಕ್ಷೆ ಮಾಡಿದ್ದೆ, ಆ ಪರೀಕ್ಷೆಗೆ ಬಿರಡೆ ತೆಗೆಯುವ ಹಾಗೇ ಇಲ್ಲ. ಜರ್ಮನ್ ಮಾವ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. "ಕರಾರುವಾಕ್ಕಾಗಿದೆ ಸಾರ್" ಎಂದು ಎದೆಯುಬ್ಬಿಸಿ ಹೇಳಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮೂರನೇ ಶುಕ್ರವಾರವೂ ಫೇಲಾದರೆ ಪುಟ್ಟಸ್ವಾಮಿಗೆ ಮೆಮೊ, ಮೇಸ್ತ್ರಿಗಿರಿಯೂ ಇಲ್ಲ ಎಂದು ನಿರ್ಧಾರವಾಯಿತು. ಮೆಮೊ ಟೈಪಾಗಿ ಫೈಲಿನಲ್ಲಿ ಕುಳಿತಿತು.

ಮೂರನೇ ಶುಕ್ರವಾರ ಪುಟ್ಟಸ್ವಾಮಿ ಪುಡಿಯ ಸೀಸೆ ಹಿಡಿದು ತಾವೇ ಮೇಲೆ ಬಂದರು. "ಒಂದ್ ಕಿತ ಕಣ್ಣಾರ ನೋಡ್ಬುಡ್ತೀನಿ ಸಾ" ಎಂದು ನನ್ನ ಹಿಂದೆ ನಿಂತರು. ನಾನು ಗಂಭೀರವಾಗಿ ಪುಡಿ ತೂಗಿದೆ. ಯಂತ್ರ ಕುಯ್ ಎಂದಿತು. ಎಡಗೈಯಲ್ಲಿ ಬಿರಡೆ ತೆಗೆದೆ, ಬಲಗೈಯಲ್ಲಿ ಪುಡಿಯ ಕಾಗದ. ಹಾಗೇ ಒಂದು ಗಳಿಗೆ ತಲೆ ಎತ್ತಿದೆ.

ಹೊರಗೆ ಜಿನುಗು ಮಳೆ. ಮೋಡ ಬೆಟ್ಟದ ಅರ್ಧದವರೆಗೂ ಇಳಿದು ಕೂತಿತ್ತು. ಹಿಂದಿನ ಎರಡು ಶುಕ್ರವಾರಗಳಂತೆ ಗಿರಿಜೆ ಅಕ್ಕಪಕ್ಕದ ಮನೆಯ ಹೆಂಗಸರ ಜೊತೆ ಆಗ ಮೆಟ್ಟಿಲು ಹತ್ತುತ್ತಿದ್ದಳು. ಪ್ರತಿ ಆಷಾಢವೂ "ನೀವೂ ಬನ್ರೀ, ಒಂದೇ ಒಂದು ಶುಕ್ರವಾರ" ಅನ್ನುವಳು. ನಾನು ಲ್ಯಾಬಿನಲ್ಲಿ ಕೆಲಸ ಅನ್ನುವೆ. ಈಗ ನಂದಿಯ ಹತ್ತಿರ ಬಂದಿರಬೇಕು. ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿರುತ್ತಾಳೆ. ಹಸಿರು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿರುತ್ತಾಳೆ. ಯಾರಾದರೂ ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಕೊಟ್ಟಿರಬಹುದು. ಮೋಡ ಅವಳ ಪಕ್ಕದಲ್ಲೇ ಹಾದುಹೋಗುವಾಗ ಕೈಚಾಚಿ ಮುಟ್ಟುತ್ತಾಳೆ, ಅವಳು ಅಂಥವಳೇ. ನನಗೂ ಅಲ್ಲಿರಬೇಕು ಅನ್ನಿಸಿತು.

"ಸಾ."

"ಹ್ಞೂಂ."

"ಆ ಬಿರಡೆ ತೆಗ್ದು ನಾಕು ನಿಮಿಷ ಆಯ್ತು. ಡ್ರೈಯರ್ ಮುಂದೆ ಗಡಿಯಾರ ನೋಡಿ ನೋಡಿ ಅಭ್ಯಾಸ ನಂಗೆ." ಅವರು ಕಿಟಕಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನೀವು ಬೆಟ್ಟ ನೋಡೋದೂ ಇದ್ರಲ್ಲಿ ಲೆಕ್ಕಕ್ಕೆ ಬತ್ತದಾ ಸಾ?"

ಬಟ್ಟಲನ್ನು ತೊಳೆದು ಹೊಸದಾಗಿ ಶುರು ಮಾಡಿದೆ. ಈ ಸಲ ಪುಟ್ಟಸ್ವಾಮಿ ಕಿಟಕಿಗೆ ಬೆನ್ನು ಕೊಟ್ಟು, ಬೆಟ್ಟವನ್ನು ಪೂರ್ತಿ ಮುಚ್ಚಿ, ಕೈಕಟ್ಟಿ ನಿಂತರು. ನೋಡಲು ಅವರ ಮುಖ ಬಿಟ್ಟು ಬೇರೇನೂ ಇರಲಿಲ್ಲ. ಪುಡಿ ಒಣಗಿತ್ತು, ಚೊಕ್ಕವಾಗಿ ಒಣಗಿತ್ತು.

"ಮಳೆಗಾಲದ ಗಾಳಿ ಅಂತ ಬರ್ದುಬುಡಿ ಸಾ. ಯಾರ್ ತಲೆ ಮೇಲೂ ಬರಕಿಲ್ಲ" ಎಂದರು ಪುಟ್ಟಸ್ವಾಮಿ. ಎಂಥ ದೊಡ್ಡ ಮನುಷ್ಯ! ನನಗೆ ಬಾಯಲ್ಲಿ ನೀರೂರಿತು, ನಿಜ ಹೇಳುತ್ತೇನೆ. ಆದರೆ ಹಿಂದಿನ ಎರಡು ಶುಕ್ರವಾರಗಳು ಅವರ ಹೆಸರಿನಲ್ಲೇ ಉಳಿಯುತ್ತಿದ್ದವು. ಪೆನ್ನು ಕೆಳಗಿಟ್ಟು ಮ್ಯಾನೇಜರ ಕೋಣೆಗೆ ಹೋದೆ.

"ಸಾರ್, ಮೈಮರೆತದ್ದು ಅವರಲ್ಲ, ನಾನು."

"ನೀವು ನಿದ್ದೆ ಮಾಡಿದ್ರೇನ್ರೀ?"

"ಇಲ್ಲ ಸಾರ್. ಕಣ್ಣು ತೆರೆದೇ ಇತ್ತು."

ಸದಾಶಿವಯ್ಯನವರು ಕನ್ನಡಕ ಹಣೆಗೇರಿಸಿ ಫೈಲು ತೆರೆದರು. ಸಂಜೆಗೆ ಮೆಮೊ ಕೈಗೆ ಬಂತು. ಟೈಪಾಗಿದ್ದ ಕಾಗದವನ್ನು ದಂಡ ಮಾಡುವುದೇಕೆಂದು ಪುಟ್ಟಸ್ವಾಮಿಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿದು ನನ್ನ ಹೆಸರು ಹೊಡೆದಿದ್ದರು. ಮಿಕ್ಕ ಒಕ್ಕಣೆ ಹಾಗೇ ಇತ್ತು: 'ತಾವು ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟವನ್ನು ಹತ್ತಿ ಬಂದ ಆಯಾಸದಿಂದ ಕರ್ತವ್ಯದಲ್ಲಿ ಅಲಕ್ಷ್ಯ ತೋರಿರುವುದು ಕಂಡುಬಂದಿದೆ.'

ಗಿರಿಜೆ ಅದನ್ನು ಎರಡು ಸಲ ಓದಿದಳು. "ನೀವು ಯಾವಾಗ್ರೀ ಬೆಟ್ಟ ಹತ್ತಿದ್ದು?" ಎಂದಳು. ನಡೆದದ್ದನ್ನೆಲ್ಲ ಹೇಳಿದೆ, ಹಸಿರು ಸೀರೆಯನ್ನೂ ಸೇರಿಸಿ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ, ಮೆಮೊವನ್ನು ಮಡಿಚಿ ಸೀರೆಗಳ ನಡುವೆ ಇಟ್ಟಳು.

ನಾಲ್ಕನೇ ಶುಕ್ರವಾರ, ಮೆಮೊವನ್ನು ನಿಜ ಮಾಡೋಣವೆಂದು ರಜಾ ಹಾಕಿ ಗಿರಿಜೆಯ ಜೊತೆ ಮುಂಜಾನೆಯೇ ಬೆಟ್ಟ ಹತ್ತಿದೆ. ಪುಟ್ಟಸ್ವಾಮಿ ದಾರಿಯುದ್ದಕ್ಕೂ ಜೊತೆಗಿದ್ದರು. ಅವರಿಗೆ ಎಂಟಕ್ಕೆ ಕೆಲಸಕ್ಕೆ ಹೋಗಬೇಕಿತ್ತು. ದರ್ಶನ ಮುಗಿಸಿ ಹೊರಗೆ ಬಂದಾಗ ಯಾರೋ ಭಕ್ತರು ದೊನ್ನೆಯಲ್ಲಿ ಸಿಹಿ ಪೊಂಗಲು ಹಂಚುತ್ತಿದ್ದರು. ಈಸಿಕೊಂಡು ಅಂಚಿಗೆ ಬಂದು ನಿಂತೆ. ಕೆಳಗೆ ಮಂಜಿನೊಳಗೆ ಮೈಸೂರು ಇನ್ನೂ ಏಳಬೇಕೋ ಬೇಡವೋ ಎಂಬಂತೆ ಮಲಗಿತ್ತು. ಅಲ್ಲಿ ದೂರದಲ್ಲಿ ನಮ್ಮ ಕಾರ್ಖಾನೆ, ಎರಡನೇ ಮಹಡಿ, ಕಿಟಕಿ. ನಿನ್ನೆ ಸಂಜೆ ಹೊರಡುವಾಗ ಬಿರಡೆ ಮುಚ್ಚಿದೆನೋ? ಮುಚ್ಚಿದೆ. ಮುಚ್ಚಿದೆನೇ?

"ರೀ, ಮಳೆ ಬರ್ತಿದೆ, ದೊನ್ನೆ ಮುಚ್ಕೊಳ್ರೀ!" ಗಿರಿಜೆ ಓಡಿಬಂದು ತನ್ನ ಅಂಗೈಯನ್ನು ನನ್ನ ದೊನ್ನೆಯ ಮೇಲೆ ಹಿಡಿದಳು. "ಎಷ್ಟೊತ್ತಿಂದ ಹೀಗೆ ನಿಂತಿದಾರೆ ಇವರು?" ಎಂದು ಪುಟ್ಟಸ್ವಾಮಿಯವರನ್ನು ಕೇಳಿದಳು.

ಅವರು ಗಡಿಯಾರ ನೋಡಲಿಲ್ಲ. "ಇವತ್ತು ಲೆಕ್ಕ ಇಲ್ಲ ಬುಡಿ ಅಮ್ಮ, ರಜಾ ಹಾಕವ್ರೆ" ಎಂದರು.

ಅಷ್ಟರಲ್ಲಿ ನನ್ನ ಪೊಂಗಲು ಪಾಯಸವಾಗಿತ್ತು.