ಒಸಾಕಾದಲ್ಲಿ ಟವೆಲ್ ಹಾಕಿದ ಸೀಟು

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸೀಟು ಹಿಡಿಯಲು ಕಲಿತವನಿಗೆ ಮೂರು ಲೋಕದಲ್ಲಿ ಎಲ್ಲಿ ಹೋದರೂ ಜಾಗಕ್ಕೆ ಬರವಿಲ್ಲ. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಟವೆಲ್ ಎಸೆದರಾಯಿತು. ಆ ಸೀಟು ಮುಟ್ಟುವ ಧೈರ್ಯ ತಹಸೀಲ್ದಾರರಿಗೂ ಇಲ್ಲ. ಈ ವಿದ್ಯೆಯಲ್ಲಿ ನಾನು ಮಹಾರಥಿ. ಹೆಸರು ಮಹದೇವು, ಕಸುಬು ಪಂಪ್‌ಸೆಟ್ ವ್ಯಾಪಾರ. ಮೋಟಾರು ಚೆನ್ನಾಗಿ ಮಾರಿದಿರಿ ಅಂತ ಕಂಪನಿಯವರು ಡೀಲರುಗಳನ್ನು ಹೆಂಡಿರ ಸಮೇತ ಜಪಾನಿಗೆ ಕರೆದೊಯ್ದಾಗ ವಿಮಾನದಲ್ಲೂ ನನ್ನ ಹೆಗಲ ಮೇಲೆ ಟವೆಲ್ ಇತ್ತು. ಮನಸ್ಸಿನಲ್ಲಿ ಒಂದು ಪಣವೂ ಇತ್ತು: ನನ್ನ ಹೆಂಡತಿ ಶಶಿರೇಖಾಳನ್ನು ನಗಿಸಿಯೇ ವಾಪಸು ಕರೆತರುವುದು.

ಅವಳ ಅವ್ವ, ನಮ್ಮತ್ತೆ ಪಟ್ಟಲಮ್ಮ, ತೀರಿಕೊಂಡ ಮೇಲೆ ಮನೆಯಲ್ಲಿ ನಗು ಅನ್ನುವುದು ಬೇಸಿಗೆಯ ಕರೆಂಟಿನ ಹಾಗೆ ಹೋದದ್ದು ಬಂದಿರಲಿಲ್ಲ. ಅತ್ತೆ ಹಾಕಿಟ್ಟು ಹೋದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ಒಂದೇ ಒಂದು ಉಳಿದಿತ್ತು. ತಾನೂ ತಿನ್ನಳು, ನನಗೂ ಮುಟ್ಟಗೊಡಳು. ಅದನ್ನೇ ಜಪಾನಿಗೂ ಹೊತ್ತು ತಂದಳು.

"ಇದ್ಯಾಕಮ್ಮಿ?" ಅಂದೆ.

"ಅವ್ವ ಮಂಡ್ಯ ದಾಟ್ದೋಳಲ್ಲ. ಬಸ್ಸಲ್ಲೂ ಯಾವತ್ತೂ ನಿಂತ್ಕಂಡೇ ಓಗ್ತಿದ್ಲು. ಇದಾದ್ರೂ ಬರ್ಲಿ ಬುಡಿ."

ಒಸಾಕಾದಲ್ಲಿ ಡೋಟೊನ್‌ಬೊರಿ ಅಂತ ಒಂದು ಪೇಟೆ. ಸಂಜೆ ಜಿನುಗು ಮಳೆ. ನಾಲೆಯ ಎರಡೂ ದಡಕ್ಕೆ ಅಂಗಡಿಯೋ ಅಂಗಡಿ, ನೀರೊಳಗೂ ಬಣ್ಣದ ದೀಪ. ಗೋಡೆಯ ಮೇಲೆ ಎತ್ತಿನ ಗಾಡಿಯಷ್ಟು ದೊಡ್ಡ ಏಡಿಯೊಂದು ಕಾಲಾಡಿಸುತ್ತಿತ್ತು. ಲೋಕವೆಲ್ಲ ನಗುತ್ತಿದ್ದರೆ ನಮ್ಮವಳೊಬ್ಬಳು ತಿಥಿ ಮನೆಗೆ ಬಂದವಳಂತೆ ನಡೆಯುತ್ತಿದ್ದಳು.

"ಭಾಬಿ, ಏಡಿ ನೋಡಿ, ಹೆಂಗೆ ಕರೀತದೆ" ಅಂದರು ಜೊತೆಗಿದ್ದ ಮದ್ದೂರಿನ ಡೀಲರ್ ಅಫ್ಸರ್ ಪಾಷಾ.

"ನಮ್ ಗದ್ದೆ ಬದೀಲಿರೋದೇ ಕಣಣ್ಣ."

ಅವಳ ಭುಜ ನೋಯುತ್ತದೆಂದು ಜಾಡಿಯನ್ನು ಟವೆಲಿನಲ್ಲಿ ಗಂಟು ಕಟ್ಟಿ ನಾನೇ ಹೊತ್ತಿದ್ದೆ. ಅಷ್ಟರಲ್ಲಿ ನಾಲೆಯ ಪಕ್ಕ, ಸೂರಿನ ಕೆಳಗೆ, ಒಂದು ಬೆಂಚು ಖಾಲಿಯಾಯಿತು ನೋಡಿ, ಮಳವಳ್ಳಿಯ ರಕ್ತ ಕುದಿಯಿತು. ಓಡಿಹೋಗಿ ಗಂಟು ಸಮೇತ ಟವೆಲ್ ಇಟ್ಟೆ. ಆಚೆ ಅಂಗಡಿಯಲ್ಲಿ ಪಡ್ಡಿನ ಹಂಚಿನಂಥದ್ದರಲ್ಲೇ ಏನೋ ಬೇಯಿಸುತ್ತಿದ್ದರು.

"ಬಾಮ್ಮಿ, ಪಡ್ಡು ತರಾಣ. ಸೀಟು ನಮ್ದೇ."

"ಅವ್ವನ ಜಾಡಿ?"

"ಟವೆಲ್ ಕಾಯ್ತದೆ."

ಪಡ್ಡು ಹಿಡಿದು ಬಂದರೆ ಬೆಂಚು ಹಾಗೇ ಖಾಲಿ. ಟವೆಲೂ ಇಲ್ಲ, ಜಾಡಿಯೂ ಇಲ್ಲ. ನಮ್ಮೂರಲ್ಲಾದರೆ ಸೀಟು ಹೋದರೂ ಟವೆಲ್ ಉಳಿಯುತ್ತದೆ. ಇದೆಂಥ ದೇಶ!

ಶಶಿರೇಖಾ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಬೆಂಚಿನ ಮೇಲೆ ಕೂತು, ಗಂಟಿದ್ದ ಜಾಗವನ್ನು ಅಂಗೈಯಲ್ಲಿ ಸವರಿ, "ಮತ್ತೊಂದ್ಸಲ ಮಣ್ಣು ಮಾಡ್ದಂಗಾಯ್ತು" ಅಂದಳು. ಕೈಯಲ್ಲಿದ್ದ ಪಡ್ಡು ತಣ್ಣಗಾಯಿತು.

ಪಡ್ಡಿನಂಗಡಿಯ ಹುಡುಗಿಗೆ ಪಾಷಾ ಅಭಿನಯ ಮಾಡಿ ತೋರಿಸಿದರು: ಟವೆಲ್, ಗಂಟು, ಅಳುವ ಹೆಂಗಸು. ಆಕೆ ಮೂಲೆಯಾಚೆಯ ಪೊಲೀಸ್ ಚೌಕಿಯತ್ತ ಕೈ ತೋರಿದಳು. ಯಾರೋ ಪುಣ್ಯಾತ್ಮರು, ಪಾಪ ಮರೆತು ಹೋಗಿದ್ದಾರೆಂದು ಅಲ್ಲಿಗೆ ಮುಟ್ಟಿಸಿದ್ದರು! ಗಂಟು ಮೇಜಿನ ಮೇಲಿತ್ತು. ಇಂಗು ಬೆಳ್ಳುಳ್ಳಿಯ ಘಮಕ್ಕೆ ವಯಸ್ಸಾದ ಪೊಲೀಸಪ್ಪ ಕುರ್ಚಿಯನ್ನು ಗೋಡೆಯವರೆಗೂ ಸರಿಸಿಕೊಂಡಿದ್ದ.

ಅವನು ಭಾಷೆಗಳ ಪಟ್ಟಿ ತೆರೆದ ಫೋನು ಚಾಚಿದ, ಪಾಷಾ ಕನ್ನಡ ಒತ್ತಿದರು, ಅವನು ಅದಕ್ಕೆ ಏನೋ ಹೇಳಿದ. ಫೋನು ಕನ್ನಡದಲ್ಲಿ ಕೇಳಿತು: "ಇದು ನಿಮ್ಮದೇ ಆದರೆ, ಒಳಗಿನ ಪಾತ್ರೆಯ ಬಾಯಿಗೆ ಕಟ್ಟಿರುವ ಬಟ್ಟೆ ಯಾವ ಬಣ್ಣ?"

"ಬಿಳಿ" ಅಂದೆ, ದಿನಾ ನೋಡುವವನ ಗತ್ತಿನಲ್ಲಿ. ಪೊಲೀಸಪ್ಪ ಅಲ್ಲವೆಂದು ತಲೆಯಾಡಿಸಿ ಗಂಟನ್ನು ತನ್ನ ಕಡೆಗೆ ಎಳೆದುಕೊಂಡ.

"ಸುಮ್ಕಿರಿ ನೀವು" ಅಂದು ಶಶಿರೇಖಾ ಮುಂದೆ ಬಂದಳು. "ಪಾಚಿ ಅಸ್ರು. ಕೆಂಪಂಚು. ನಮ್ಮವ್ವನ ಸೀರೇದು. ಓರೆಯಾಗಿ ಅರ್ದೋಯ್ತು ಅಂತ ಬೈಕಂಡೇ ಕಟ್ಟಿದ್ಲು."

ಗಂಟು ಬಿಚ್ಚಿದ. ಹಸಿರು, ಕೆಂಪಂಚು, ಓರೆ. ಎದ್ದು ನಿಂತು, ನಡು ಬಗ್ಗಿಸಿ, ಜಾಡಿಯನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಅವಳು ಸೆರಗೊಡ್ಡಿ ಇಸಕೊಂಡಳು. ನನಗೆ ಮಡಿಸಿದ ಟವೆಲ್ ಕೊಟ್ಟ, ಒಂದೇ ಕೈಯಲ್ಲಿ.

"ಟವೆಲ್ ತನ್ನಿ ಇಲ್ಲಿ" ಅಂತ ಶಶಿರೇಖಾ ಅದನ್ನೂ ಕಸಿದುಕೊಂಡಳು.

ಹೋಟೆಲಿಗೆ ಕರೆದೊಯ್ಯುವ ಟೂರಿನ ಬಸ್ಸಿಗೆ ಅವಳೇ ಮೊದಲು ಹತ್ತಿದಳು. ನಾನು ಹಿಂದಿನಿಂದ ಹೋಗಿ ನೋಡಿದರೆ ಅವಳ ಪಕ್ಕದ ಕಿಟಕಿ ಸೀಟಿನಲ್ಲಿ ಟವೆಲ್ ಹಾಸಿತ್ತು, ಮೇಲೆ ಜಾಡಿ.

"ಎತ್ತಮ್ಮಿ, ಕೂತ್ಕತೀನಿ."

"ಸೀಟು ಇಡ್ದಾಗದೆ ಕಣ್ರೀ. ಅವ್ವ ಕೂತವ್ಳೆ. ನೀವು ಇಂದಕ್ಕೋಗಿ."

ಅಂದವಳು ನಕ್ಕುಬಿಟ್ಟಳು. ಕಣ್ಣಲ್ಲಿ ನೀರೂ ಇತ್ತು. ಟವೆಲ್ ಹಾಕಿದ ಸೀಟು ಮುಟ್ಟುವ ಧೈರ್ಯ ತಹಸೀಲ್ದಾರರಿಗೇ ಇಲ್ಲ, ಪಂಪ್‌ಸೆಟ್ಟಿನವನು ನಾನೆಷ್ಟರವನು? ಪಣ ಗೆದ್ದವನು ಹಿಂದಕ್ಕೆ ಹೋಗಿ ಪಾಷಾರ ಚೀಲಗಳ ಸಂದಿಯಲ್ಲಿ ಮುದುರಿ ಕೂತೆ.